ಕತ್ತಲೆ ಅಳೆಯುವವಳು

ಬಂಡೆಯ ಬುಡದಲ್ಲಿ ಬಿದ್ದಿದ್ದ ಹೆಣವನ್ನು ಮೊದಲು ಕಂಡದ್ದು ನಾಯಿಗಳು. ಆಮೇಲೆ ಕುರಿ ಹೊಡೆದುಕೊಂಡು ಬಂದವರು. ಮಧುಗಿರಿಯಿಂದ ನಾವು ಹೋಗಿ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಊರಿಗೆ ಊರೇ ಹುಣಸೆಮರದ ಕೆಳಗೆ ನಿಂತಿತ್ತು. ಹತ್ತಿರ ಬಂದವರು ಒಬ್ಬರೂ ಇಲ್ಲ.

ನನಗೆ ಅದು ಸರಿಕಾಣಲಿಲ್ಲ. ಸಾವಾದ ಕಡೆ ಜನ ಮುತ್ತಿಕೊಳ್ಳುತ್ತಾರೆ. ಅವರನ್ನು ಚದುರಿಸುವುದೇ ಪೊಲೀಸರಿಗೆ ಅರ್ಧ ಕೆಲಸ. ಇಲ್ಲಿ ಯಾರನ್ನೂ ಚದುರಿಸಬೇಕಾಗಲಿಲ್ಲ.

ಸತ್ತವಳು ಸ್ಪಂದನಾ. ಶಿರಾ ತಾಲ್ಲೂಕಿನ ಬರಗೂರಿನವಳು, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಂಶೋಧಕಿ. ವರ್ಷದಿಂದ ಈ ಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ತಲೆಯ ಹಿಂಭಾಗ ಒಡೆದುಹೋಗಿತ್ತು. ಬಂಡೆ ಹತ್ತಿ ನೋಡಿದರೆ, ನೆತ್ತಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್. ಅದರ ತುದಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಸಣ್ಣ ಮೀಟರ್. ಮುಚ್ಚಳ ತೆಗೆದಿತ್ತು.

“ಅಳತೆ ತಗೊಳ್ಳೋಕೆ ಹತ್ತಿದ್ದಾಳೆ ಮೇಡಂ. ಅಂಚಿಗೆ ಹೋಗಿ ಕಾಲು ಜಾರಿದೆ,” ಎಂದೆ.

ಇನ್ಸ್‌ಪೆಕ್ಟರ್ ಗಂಗಲಕ್ಷ್ಮಿ ಅಂಚಿಗೆ ಬಂದು ಕೆಳಗೆ ಇಣುಕಿದರು. ನಾನು ಅವರ ಕೈಕೆಳಗಿನ ಸಬ್ ಇನ್ಸ್‌ಪೆಕ್ಟರ್, ಹೆಸರು ಚಂದ್ರಶೇಖರ್. ಅವರು ನಿಧಾನವಾಗಿ ಉತ್ತರ ಕೊಡುವುದು ನನಗೆ ಅಭ್ಯಾಸವಾಗಿತ್ತು.

“ನಿನ್ನೆ ಹುಣ್ಣಿಮೆ. ಹಿಟ್ಟು ಚೆಲ್ಲಿದ ಹಾಗೆ ಬೆಳದಿಂಗಳು,” ಎಂದರು. “ಅಂಚು ಕಾಣದೆ ಬಿದ್ದಳು ಅನ್ನೋ ಹಾಗಿಲ್ಲ. ಅದೂ ಹಿಮ್ಮುಖವಾಗಿ ಬಿದ್ದಿದ್ದಾಳೆ. ಎದುರಿಗಿದ್ದ ಯಾರನ್ನೋ ನೋಡ್ತಾ ನಿಂತೋರು ಮಾತ್ರ ಹಾಗೆ ಬೀಳೋದು, ಚಂದ್ರಶೇಖರ್.”



ಮನೆ ಮಾಲೀಕ ಮೂಡಲಗಿರಿಯಪ್ಪನನ್ನು ಜಗಲಿಯ ಮೇಲೆ ಕೂರಿಸಿ ವಿಚಾರಿಸಿದೆವು. ಸ್ಪಂದನಾಳ ಕೋಣೆಯ ಬಾಗಿಲಲ್ಲಿ ಕುಂಕುಮ ಬಳಿದ ನಿಂಬೆಹಣ್ಣು ಕೊಯ್ದು ಇಟ್ಟಿದ್ದರು. ಅದು ಹೊಸದಲ್ಲ, ಒಣಗಿ ಕಪ್ಪಾಗಿತ್ತು. ಇಟ್ಟವರು ಯಾರು ಎಂದರೆ ಗೊತ್ತಿಲ್ಲವೆಂದ. ಅವಳಿಗೆ ಮನೆ ಬಿಡಲು ಹೇಳಿದ್ದನೆ?

“ಖಾಲಿ ಮಾಡಿ ಅಂದಿದ್ದು ನಿಜ ಕಣಮ್ಮ. ಅಮಾಸೆ ಬಂತು ಅಂದ್ರೆ ಆಯಮ್ಮ ಬಂಡೆ ಹತ್ತೋದು. ಇದೇನಮ್ಮ ಇಂಗೆ ಅಂದ್ರೆ, ಕತ್ಲೆ ಅಳೀತೀನಿ ಅನ್ನೋದು. ಕತ್ಲೆ ಅಳೆಯೋ ಹೆಂಗ್ಸನ್ನ ಮನೇಲಿ ಇಟ್ಕಂಡು ನಾನು ಊರಿಗೆ ಹೆಂಗೆ ಮುಖ ತೋರ್ಸ್ಲಿ?”

ಊರವರು ಅವಳನ್ನು ಅಮಾಸೆ ಮೇಡಮ್ಮು ಅನ್ನುತ್ತಿದ್ದರಂತೆ. ಹೋದ ಸಲ ಮೋಡ ಬಂದು ಮಳೆ ಸುರಿಸದೆ ಹೋದಾಗ, ಅವಳೇ ಏನೋ ಮಾಡಿದಳು ಎಂಬ ಮಾತೂ ಹುಟ್ಟಿತ್ತು. ಜನ ಹೆಣದ ಹತ್ತಿರ ಬಾರದೆ ದೂರ ನಿಂತಿದ್ದೇಕೆಂದು ಆಗ ಅರ್ಥವಾಯಿತು. ಹಿಂದಿನ ಸಂಜೆ ಮೂಡಲಗಿರಿಯಪ್ಪ, ಅವನ ಹೆಂಡತಿ ಇಬ್ಬರೂ ಕೊರಟಗೆರೆಯಲ್ಲಿ ನೆಂಟರ ಮನೆಯಲ್ಲಿದ್ದರು. ವಿಚಾರಿಸಿದಾಗ ಅದು ನಿಜವಾಗಿತ್ತು.

ಮೂಡಲಗಿರಿಯಪ್ಪ ಇನ್ನೊಂದು ಹೆಸರು ಹೇಳಿದ. ಅಂಬರೀಶ್. ಕೊಳಾಲದ ಕಡೆ ಜಲ್ಲಿ ಕ್ರಷರ್ ನಡೆಸುವವನು. ತಿಂಗಳ ಹಿಂದೆ ಜೀಪಿನಲ್ಲಿ ಬಂದು ಸ್ಪಂದನಾಳ ಮೇಲೆ ಕೂಗಾಡಿ ಹೋಗಿದ್ದನಂತೆ.

ಅಂಬರೀಶ ನಮ್ಮನ್ನು ಕಂಡು ಎದ್ದು ನಿಲ್ಲಲಿಲ್ಲ. ಸ್ಪಂದನಾ ಸತ್ತಳೆಂದು ಹೇಳಿದ ಮೇಲೆ ನಿಂತ. ಕತ್ತಲಾದ ಮೇಲೆ ಕ್ರಷರ್ ಓಡಿಸಲು ಅವನಿಗೆ ಪರವಾನಗಿ ಇರಲಿಲ್ಲ. ಫ್ಲಡ್‌ಲೈಟಿನ ಬೆಳಕು ಅವಳ ಅಳತೆಗೆ ಸಿಕ್ಕಿತ್ತು. ಅವಳು ನೇರವಾಗಿ ಬಂದು ಕೇಳಿದ್ದಳು. ಜಗಳ ಅದಕ್ಕೇ.

“ನಿನ್ನೆ ಎಲ್ಲಿದ್ದೆ?” ಗಂಗಲಕ್ಷ್ಮಿ ಕೇಳಿದರು.

“ಇಲ್ಲೇ ಇದ್ದೆ ಮೇಡಂ. ಕ್ರಷರ್ ಓಡ್ತಿತ್ತು. ನನ್ನ ಬಾಯಿಂದಲೇ ಹೇಳ್ತಾ ಇದೀನಿ, ಕೇಸ್ ಹಾಕೋದಾದ್ರೆ ಹಾಕಿ. ಆಳುಗಳನ್ನೂ ಕೇಳಿ. ಆಯಮ್ಮ ಅಮಾಸೆ ಹಿಂದೆಮುಂದೆ ಬಂಡೆ ಮೇಲಿರುತ್ತೆ ಅಂತ ಗೊತ್ತಾದ ಮೇಲೆ ಆ ದಿನಗಳಲ್ಲಿ ನಾನು ಲೈಟ್ ಆರಿಸ್ಬುಡ್ತಿದ್ದೆ. ಮಿಕ್ಕಿದ ದಿನ ಓಡಿಸ್ತಿದ್ದೆ. ಅವಳನ್ನ ಕೊಂದು ನನಗೇನಾಗ್ಬೇಕು?”

ಜೀಪಿಗೆ ವಾಪಸು ಬರುವಾಗ ಇವನೇ ಇರಬೇಕು ಎಂದು ನಾನು ಹೇಳಿದೆ. ಆಳುಗಳು ಯಜಮಾನ ಹೇಳಿಕೊಟ್ಟಂತೆ ಹೇಳುತ್ತಾರೆ.

ಮಧ್ಯಾಹ್ನ ಬೆಂಗಳೂರಿನಿಂದ ಅಂಜನ್ ಕುಮಾರ್ ಬಂದರು. ಅರ್ಥಶಾಸ್ತ್ರಜ್ಞರು. ಸ್ಪಂದನಾಳ ಜೊತೆ ಮೂರು ವರ್ಷದಿಂದ ಒಂದೇ ಸಂಶೋಧನೆ ಮಾಡುತ್ತಿದ್ದವರು. ಶವಾಗಾರದಲ್ಲಿ ಮುಖ ನೋಡಿ ಗುರುತು ಹೇಳಿದರು. ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತರು. ನಾನೇ ನೀರು ಕೊಟ್ಟೆ.

ಅವರಿಬ್ಬರ ಕೆಲಸ ಏನೆಂದು ಅವರೇ ತಿಳಿಸಿ ಹೇಳಿದರು. ಸ್ಪಂದನಾ ಮೊದಲು ಓದಿದ್ದು ನಕ್ಷತ್ರಗಳನ್ನು. ಕೋಟಿ ಕೋಟಿ ಮೈಲಿ ಆಚೆಯ ಮಿಣುಕು ಬೆಳಕಿನಿಂದ ಆ ನಕ್ಷತ್ರ ಬೆಳೆಯುತ್ತಿದೆಯೋ ಸಾಯುತ್ತಿದೆಯೋ ಎಂದು ಹೇಳುವ ವಿದ್ಯೆ ಅವಳದು. ಅದೇ ವಿದ್ಯೆಯನ್ನು ಭೂಮಿಗೆ ತಿರುಗಿಸಿದ್ದಳು. ಉಪಗ್ರಹ ರಾತ್ರಿ ತೆಗೆದ ಚಿತ್ರಗಳಲ್ಲಿ ಊರು ಊರಿನ ದೀಪಗಳು ಕಾಣುತ್ತವೆ. ದೀಪ ಹೆಚ್ಚಾದರೆ ಅಂಗಡಿ, ದುಡಿಮೆ, ಬದುಕು ಹೆಚ್ಚಾಗಿದೆ ಎಂದು ಲೆಕ್ಕ. ಅವಳು ಇಲ್ಲಿ ನಿಂತು ಆಕಾಶಕ್ಕೆ ಚೆಲ್ಲುವ ಬೆಳಕನ್ನು ಅಳೆದು ಆ ಚಿತ್ರಗಳಿಗೆ ತಾಳೆ ನೋಡುತ್ತಿದ್ದಳು. ಅಂಜನ್ ಕುಮಾರ್ ಅದರಿಂದ ಇಡೀ ನಾಡಿನ ಆರ್ಥಿಕತೆಯ ಸೂಚ್ಯಂಕ ಕಟ್ಟುತ್ತಿದ್ದರು. ಅದರ ಪ್ರಕಾರ ಮಧುಗಿರಿ, ಶಿರಾ, ಪಾವಗಡದ ಕಡೆ ಬೆಳಕು ಬಹಳ ಏರಿತ್ತು. ಸರ್ಕಾರ ಅದನ್ನು ಒಪ್ಪುವುದರಲ್ಲಿತ್ತು.

“ನೀವು ಅವರನ್ನ ಕಡೇ ಸಲ ನೋಡಿದ್ದು?”

“ನಿನ್ನೆಯೇ. ಮಧ್ಯಾಹ್ನ ಇಲ್ಲಿಗೆ ಬಂದಿದ್ದೆ, ಹೊತ್ತು ಮುಳುಗೋ ಮುಂಚೆ ಹೊರಟೆ. ಅವಳು ಖುಷಿಯಾಗಿದ್ದಳು. ಇವತ್ತು ಹುಣ್ಣಿಮೆ, ಒಳ್ಳೇ ಬೆಳಕಿರುತ್ತೆ, ಮೇಲೆ ಹೋಗಿ ಅಳತೆ ತಗೋತೀನಿ ಅಂದಳು. ಹುಷಾರು ಅಂದೆ, ಅಷ್ಟೇ.”

“ನೀವೂ ಯಾವಾಗಲಾದ್ರೂ ಬಂಡೆ ಹತ್ತಿದ್ದೀರಾ?”

“ಇಲ್ಲ. ನನಗೆ ಎತ್ತರ ಅಂದ್ರೆ ಭಯ. ಆ ಯಂತ್ರವನ್ನ ಮುಟ್ಟಿಯೂ ಇಲ್ಲ.”

ಗಂಗಲಕ್ಷ್ಮಿ ತಲೆಯಾಡಿಸಿ ಕಳಿಸಿಕೊಟ್ಟರು. ನಾನು ಅಂಬರೀಶನ ಮೇಲೆ ಕಾಗದಪತ್ರ ಸಿದ್ಧಮಾಡಲು ಕೂತೆ.

ಆ ಎರಡು ದಿನ ಗಂಗಲಕ್ಷ್ಮಿ ತಮ್ಮದೇ ಕೆಲಸದಲ್ಲಿದ್ದರು. ಸ್ಪಂದನಾಳ ಸಂಸ್ಥೆಯಲ್ಲಿದ್ದ ನವೀನ್ ಕುಮಾರ್ ಎಂಬ ಖಗೋಳ ವಿಜ್ಞಾನಿಗೆ ಫೋನ್ ಮಾಡಿ ಬಹಳ ಹೊತ್ತು ಕೇಳಿಸಿಕೊಂಡರು. ಮೀಟರನ್ನೂ ಅದರ ಮುಚ್ಚಳವನ್ನೂ ಬೆರಳಚ್ಚು ವಿಭಾಗಕ್ಕೆ ಕಳಿಸಿದರು. ಮೂರನೆಯ ದಿನ ಬೆಳಗ್ಗೆ ಅಂಜನ್ ಕುಮಾರ್ ಅವರನ್ನು ಠಾಣೆಗೆ ಕರೆಸಿದರು.

“ಆ ಸಂಜೆ ಸ್ಪಂದನಾ ಹೇಳಿದ್ದನ್ನ ಇನ್ನೊಂದು ಸಲ ಹೇಳಿ.”

ಅಂಜನ್ ಕುಮಾರ್ ಹೇಳಿದರು. ಹುಣ್ಣಿಮೆ. ಒಳ್ಳೇ ಬೆಳಕು. ಅಳತೆ. ಒಂದು ಅಕ್ಷರ ಆಚೀಚೆ ಆಗಲಿಲ್ಲ.

“ಚಂದ್ರಶೇಖರ್, ಈ ಮಾತನ್ನ ನಾವಿಬ್ಬರೂ ಕೇಳಿಸಿಕೊಂಡ್ವಿ. ನಮಗೆ ಏನೂ ಅನ್ನಿಸಲಿಲ್ಲ,” ಎಂದರು ಗಂಗಲಕ್ಷ್ಮಿ. “ಬೆಳದಿಂಗಳಲ್ಲಿ ಆಕಾಶ ನೋಡೋಕೆ ಹೋದಳು ಅಂದ್ರೆ ಯಾರಾದ್ರೂ ನಂಬ್ತಾರೆ. ಆದರೆ ಅವಳು ಅಳೀತಿದ್ದದ್ದು ಏನನ್ನ? ದೂರದ ಊರುಗಳ ದೀಪದ ಬೆಳಕನ್ನ. ಹುಣ್ಣಿಮೆ ದಿನ ಇಡೀ ಆಕಾಶವೇ ಬೆಳ್ಳಗಿರುತ್ತೆ. ಅದರಲ್ಲಿ ದೀಪದ ಬೆಳಕನ್ನ ಬೇರೆ ಮಾಡೋದು, ತುಂಬಿದ ಕೆರೇಲಿ ಒಂದು ಚೆಂಬು ನೀರು ಹುಡುಕಿದ ಹಾಗೆ. ನವೀನ್ ಕುಮಾರ್ ಅವರನ್ನ ಕೇಳಿ ಖಾತ್ರಿ ಮಾಡ್ಕೊಂಡೆ. ಅವಳು ಆ ಮೀಟರ್ ಹೊತ್ಕೊಂಡು ಹತ್ತೋದು ಅಮಾವಾಸ್ಯೆ ಹಿಂದೆಮುಂದೆ ಮಾತ್ರ. ಹುಣ್ಣಿಮೆ ದಿನ ಅದನ್ನ ಬಂಡೆ ಮೇಲೆ ಇಟ್ಟಿದ್ದು ಅವಳಲ್ಲ.”

ಗಂಗಲಕ್ಷ್ಮಿ ಅಂಜನ್ ಕುಮಾರ್ ಕಡೆ ತಿರುಗಿದರು.

“ಹಾಗಾದ್ರೆ ಯಾರು? ಮೂಡಲಗಿರಿಯಪ್ಪ? ಅವನೇ ಅಮಾಸೆ ಅಂತ ಬಾಯಿಬಿಟ್ಟು ಹೇಳಿದ. ಅಂಬರೀಶ್? ಅವನು ಅಮಾಸೆ ನೋಡ್ಕೊಂಡು ಲೈಟ್ ಆರಿಸ್ತಿದ್ದ. ಅವನು ಕೊಂದಿದ್ರೆ ಅಮಾಸೆವರೆಗೂ ಕಾಯ್ತಿದ್ದ, ಯಾರಿಗೂ ಅನುಮಾನವೇ ಬರ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಗೊತ್ತಿಲ್ಲದೆ ಇದ್ದೋರು ಒಬ್ಬರೇ. ಒಂದು ವರ್ಷ ಅವಳು ನಿಮಗೆ ಇಲ್ಲಿಂದ ತಿಂಗಳಿಗೊಂದು ಅಂಕಿ ಕಳಿಸಿದಳು, ಅಂಜನ್ ಕುಮಾರ್ ಅವರೇ. ಅದು ಯಾವ ರಾತ್ರಿಯದು ಅಂತ ನೀವು ಒಂದು ಸಲವೂ ಕೇಳಲಿಲ್ಲ.”

“ಇದು ಊಹೆ,” ಎಂದರು ಅಂಜನ್ ಕುಮಾರ್. ದನಿ ಸಮವಾಗಿತ್ತು.

“ಮುಚ್ಚಳದ ಮೇಲಿನ ಹೆಬ್ಬೆರಳ ಗುರುತು ಊಹೆ ಅಲ್ಲ. ಶವಾಗಾರದ ಹತ್ತಿರ ನೀವು ನೀರು ಕುಡಿದ ಲೋಟದ ಗುರುತಿಗೆ ತಾಳೆಯಾಗಿದೆ. ನಿಮ್ಮದು. ಮುಟ್ಟೇ ಇಲ್ಲ ಅಂದಿದ್ರಿ.”

ಹೊರಗೆ ಯಾವುದೋ ಬಸ್ಸು ಹಾರನ್ ಹಾಕುತ್ತ ಹೋಯಿತು. ಅದರ ಸದ್ದು ನಿಂತ ಮೇಲೆ ಅಂಜನ್ ಕುಮಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದ್ದನ್ನೆಲ್ಲ ಯಾರದೋ ಸಂಗತಿ ಎಂಬಂತೆ ಹೇಳಿದರು.

ಬೆಳಕು ಏರಿದ್ದು ನಿಜ. ಆದರೆ ಎಲ್ಲಿ ಏರಿದೆ ಎಂದು ಸ್ಪಂದನಾ ಒಂದೊಂದಾಗಿ ಹುಡುಕಿಕೊಂಡು ಹೋಗಿದ್ದಳು. ಕ್ರಷರ್‌ಗಳ ಫ್ಲಡ್‌ಲೈಟು. ಪಾವಗಡದ ಬಯಲಲ್ಲಿ ಸೋಲಾರ್ ಪಾರ್ಕಿನ ಆಳಿಲ್ಲದ ಬೇಲಿಗಳ ಉದ್ದಕ್ಕೂ ಉರಿಯುವ ದೀಪ. ಹಳ್ಳಿಗಳ ಒಳಗೆ ಮೊದಲಿದ್ದಷ್ಟೇ ಮಿಣುಕು. ಕೆಲವು ಕಡೆ ಅದೂ ಇಲ್ಲ. ಸೂಚ್ಯಂಕವನ್ನು ಒಪ್ಪಿದರೆ ಪಾವಗಡ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು; ಅದರ ಹೆಸರಿನಲ್ಲಿ ಬರುವ ಹಾಸ್ಟೆಲು, ಆಸ್ಪತ್ರೆಯ ಅನುದಾನವೂ ಹೋಗುತ್ತಿತ್ತು. ಮುಂದಿನ ಸಭೆಯಲ್ಲಿ ಎದ್ದುನಿಂತು ಇದನ್ನು ಹೇಳುತ್ತೇನೆ ಎಂದಳು. ಅದೇ ಸಭೆಯಲ್ಲಿ ಅಂಜನ್ ಕುಮಾರ್ ಸಲಹೆಗಾರರಾಗಿ ನೇಮಕವಾಗಬೇಕಿತ್ತು.

“ದೀಪ ಎಲ್ಲಿ ಉರೀತಿದೆ ಅಂತ ಕಣ್ಣಾರೆ ನೋಡಿ, ಬನ್ನಿ ಅಂತ ಕತ್ತಲಾದ ಮೇಲೆ ಅವಳೇ ಬಂಡೆ ಮೇಲೆ ಕರ್ಕೊಂಡು ಹೋದಳು,” ಎಂದರು. “ಸ್ವಲ್ಪ ಕಾಲ ತಡಿ ಅಂತ ಕೇಳಿದೆ. ತಡೆದರೆ ಅಷ್ಟರಲ್ಲಿ ಆಗೋದು ಆಗಿಹೋಗುತ್ತೆ ಅಂದಳು. ನಾನು ತಳ್ಳಿದೆ. ಅವಳು ಕೂಗಲಿಲ್ಲ. ನನ್ನನ್ನೇ ನೋಡ್ತಾ ಹೋದಳು.”

ಆಮೇಲೆ ಕೆಳಗಿಳಿದು, ಅವಳ ಜೇಬಿನಿಂದ ಬೀಗದ ಕೈ ತೆಗೆದು, ಕೋಣೆಯಿಂದ ಯಂತ್ರ ತಂದು ನೆತ್ತಿಯ ಮೇಲೆ ನಿಲ್ಲಿಸಿದ್ದರು. ಅಷ್ಟು ಹೊತ್ತಿಗೆ ಚಂದ್ರ ಮೇಲೇರಿದ್ದ.

ಅಂದೇ ಮಧ್ಯಾಹ್ನ ನಾವು ಬರಗೂರಿಗೆ ಹೋದೆವು. ಇದನ್ನು ಫೋನಿನಲ್ಲಿ ಹೇಳಬಾರದು ಎಂದರು ಗಂಗಲಕ್ಷ್ಮಿ. ಸ್ಪಂದನಾಳ ತಾಯಿ ಕೊಲ್ಲಾಪುರಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಗಂಗಲಕ್ಷ್ಮಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಕೊಂದವನ ಹೆಸರು ಹೇಳಿದರು.

ಕೊಲ್ಲಾಪುರಮ್ಮ ಅಳಲಿಲ್ಲ.

“ಮಗಳನ್ನ ಮಣ್ಣಿಗೆ ಎತ್ಕಂಡು ಹೋಗುವಾಗ ಮುಂದ್ಗಡೆ ಹೆಗಲು ಕೊಟ್ಟೋನು ಅವ್ನೇ ಅಲ್ವೇನವ್ವ?” ಎಂದು ಕೇಳಿದರು. “ಅಣ್ಣತಮ್ಮ ಇಲ್ಲದ ಮಗಳು, ನಾನೇ ಹೊರ್ತೀನಿ ಅಂದ. ನಾನು ಅವನ ಎರಡು ಕೈನೂ ಕಣ್ಗೆ ಒತ್ಕಂಡೆ.”

ಹಾಗೆಂದು ಎದ್ದು ಹಿತ್ತಲಿಗೆ ಹೋದರು. ತೊಟ್ಟಿಯ ಹತ್ತಿರ ಕೂತು, ಚೆಂಬಿನ ಮೇಲೆ ಚೆಂಬು ಹೊಯ್ದುಕೊಂಡು ಕಣ್ಣು ತೊಳೆಯತೊಡಗಿದರು. ನಾವು ಹೊರಟು ಜೀಪು ಹತ್ತುವವರೆಗೂ ಆ ನೀರಿನ ಸದ್ದು ನಿಲ್ಲಲಿಲ್ಲ.