ಐದನೇ ಬೋರಿನ ಸೀಸ

"ಶಿವಲೀಲಾ ಅವರೇ, ಈ ಕಲ್ಲು ಇಲ್ಲಿಗೆ ಹೇಗೆ ಬಂತು?"

ಪ್ರವೀಣ್ ಕೇಳಿದಾಗ ನಾನು ತಲೆ ಎತ್ತಲಿಲ್ಲ. ಎತ್ತಿದರೆ ಆ ಕಣ್ಣು ನೋಡಬೇಕು, ನೋಡಿದರೆ ಸುಳ್ಳು ಬಾಯಿಗೆ ಬರುವುದಿಲ್ಲ. ಮಹಾಶಯರಿಗೆ ಕೋಪ ಬಂದರೂ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಅದೊಂದು ಅನ್ಯಾಯ.

ಅದು 1998. ಹೊಂಗಡಹಳ್ಳದ ನಮ್ಮ ಎಸ್ಟೇಟಿನೊಳಗೆ ಸೀಸ, ಸತುವಿನ ಅದಿರು ಹುಡುಕಲು ಕಂಪನಿಯೊಂದು ಬೆಟ್ಟ ಕೊರೆಸುತ್ತಿತ್ತು. ಪ್ರವೀಣ್ ಅದರ ಜಿಯಾಲಜಿಸ್ಟ್. ಬೋರಿನಿಂದ ಕೋಲಿನಂತೆ ಬರುವ ಕಲ್ಲಿಗೆ ಕೋರ್ ಅನ್ನುತ್ತಾರೆ. ಅದನ್ನು ಕ್ಯಾಂಪಿನ ಶೆಡ್ಡಿನಲ್ಲಿ ಮರದ ಪೆಟ್ಟಿಗೆಯ ಸಾಲುಗಳಲ್ಲಿ ಜೋಡಿಸಿ, ಎಷ್ಟು ಆಳದ್ದೆಂದು ಬರೆಯುವುದು ನನ್ನ ಕೆಲಸ. ಪಿಯುಸಿ ಮುಗಿದ ಮೇಲೆ ನಮ್ಮಪ್ಪ ಏಕಾಂತಯ್ಯನವರು ನನ್ನನ್ನು ಗೇಟು ದಾಟಲು ಬಿಟ್ಟಿರಲಿಲ್ಲ. ಮೂರು ವರ್ಷ! ಕಂಪನಿಯ ಕ್ಯಾಂಪು ಗೇಟಿನೊಳಗೇ ಇತ್ತಲ್ಲ, ಅದಕ್ಕೇ ಈ ಕೆಲಸಕ್ಕೆ ಒಪ್ಪಿದ್ದರು.

"ನಿಮ್ಮ ಮೂರು ಎಂಟರ ಥರ ಕಾಣುತ್ತೆ ಕಣ್ರೀ. ಐದು ಮೀಟರ್ ಸುಮ್ಮನೆ ಜಾಸ್ತಿ ಆಯ್ತು," ಎಂದು ಪ್ರವೀಣ್ ರೇಗಿಸುತ್ತಿದ್ದರು. ನಾನು ಬೇಕೆಂದೇ ಇನ್ನೊಂದು ವಕ್ರ ಮೂರು ಬರೆಯುತ್ತಿದ್ದೆ. ತಿದ್ದಲು ಪಕ್ಕಕ್ಕೇ ಬಂದು ಕೂರುತ್ತಿದ್ದರು.

ನಾಲ್ಕು ಬೋರುಗಳಲ್ಲಿ ಏನೂ ಸಿಗಲಿಲ್ಲ. ಐದನೆಯದೂ ಖಾಲಿಯಾದರೆ ಕ್ಯಾಂಪು ಎತ್ತುತ್ತಾರೆಂದು ಗೊತ್ತಾಯಿತು. ಅವರು ಹೊರಟುಹೋಗುತ್ತಾರೆ, ನನಗೆ ಮತ್ತೆ ಅದೇ ಅಂಗಳ. ಎಪ್ಪತ್ತೈದರಲ್ಲಿ ಬಂದಿದ್ದ ಬೇರೆ ಕಂಪನಿಯವರು ಇಲ್ಲೇ ಒಂದಿಷ್ಟು ಅದಿರು ಕಂಡು, ಸಾಲದೆಂದು ಬಿಟ್ಟುಹೋಗಿದ್ದರು. ಅವರ ಕೋರ್ ನಮ್ಮ ಕಾಫಿ ಸ್ಟೋರಿನ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಫಳಫಳ ಹೊಳೆಯುವ ತುಂಡೊಂದನ್ನು ತೊಳೆದು, ಐದನೇ ಬೋರಿನ ನೂರನಲವತ್ತು ಮೀಟರಿನ ಸಾಲಿನಲ್ಲಿ ಒತ್ತಿ ಕೂರಿಸಿಬಿಟ್ಟಿದ್ದೆ.

"ಆಳಕ್ಕೆ ಹೋದ ಹಾಗೆ ಕೊರೆಯೋ ಬಿಟ್ ಸಣ್ಣದು ಹಾಕ್ತೀವಿ, ಕೋರ್ ತೆಳ್ಳಗಾಗುತ್ತೆ. ಇದೊಂದೇ ದಪ್ಪ ಇದೆ," ಎಂದರು ಪ್ರವೀಣ್. "ಯಾರು ಇಟ್ಟಿದ್ದು?"

"ನಾನೇ. ಇಲ್ಲಾಂದ್ರೆ ನೀವು ಹೊಂಟೋಗ್ಬುಡ್ತೀರಲ್ಲ!" ಅಳು ಬಂದೇಬಿಟ್ಟಿತು. "ನಂಗೆ ಇಲ್ಲಿ ಉಸಿರು ಕಟ್ಟಿದಂಗೆ ಆಗ್ತೈತೆ. ನೀವಂದ್ರೆ ಇಷ್ಟ. ಬೈಯಂಗಿದ್ರೆ ಬೈದ್ಬುಡಿ."

ಅವರು ಬೈಯಲಿಲ್ಲ. ರಿಪೋರ್ಟ್ ಪುಸ್ತಕ ತೆರೆದರು. ಪೆನ್ನು ತೆಗೆದರು.

"ಸೀಸ ಸಿಕ್ಕಿದೆ ಅಂತ ಬರೆದುಬಿಡ್ಲಾ? ಇನ್ನೂ ಆರು ತಿಂಗಳು ಕೊರೀತಾರೆ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೂ ಆಗಲ್ಲ, ಲೀಲಾ."

ಎಷ್ಟು ಆಸೆಯಾಯಿತು! ಆದರೂ ನಾನೇ ಅವರ ಕೈ ಹಿಡಿದೆ. "ಬ್ಯಾಡ ಕಣ್ರೀ. ಆಮೇಲೆ ನನ್ನಂಗೇ ನೀವೂ ಸಿಕ್ಕಾಕ್ಕೊಂಬುಡ್ತೀರ. ಏನೂ ಸಿಗಲಿಲ್ಲ ಅಂತ ಬರೀರಿ."

ಬರೆದು ಪುಸ್ತಕ ಮುಚ್ಚಿದರು. "ನಾಳೆ ಮೆಷಿನ್ ಬಿಚ್ತಾರೆ. ನಿಮ್ಮ ತಂದೆ ಹತ್ರ ನಮ್ಮ ಮದುವೆ ವಿಷಯ ಕೇಳ್ಲಾ?"

"ನಾನೇ ಕೇಳ್ತೀನಿ," ಎಂದು ಮತ್ತೆ ಅವರ ಕೈ ಹಿಡಿದೆ. ಧೈರ್ಯ ಎಲ್ಲಿಂದ ಬಂತೋ ಕಾಣೆ.

ಅಷ್ಟರಲ್ಲಿ ಅಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದರು. ನಮ್ಮ ಕೈಗಳನ್ನು ನೋಡಿದರು.

"ಲೀಲಾ, ಮನೆ ಒಳಿಕ್ಕೆ ನಡಿ."

ಎದ್ದೂಬಿಟ್ಟೆ, ಅಭ್ಯಾಸ ನೋಡಿ. ಆದರೆ ಪ್ರವೀಣರ ಕೈ ಬಿಡಲಿಲ್ಲ.

"ಇಲ್ಲ ಅಪ್ಪಾಜಿ," ಎಂದೆ. "ನೀವೇ ಬಂದು ಇಲ್ಲಿ ಕೂತ್ಕಳಿ. ನಿಮ್ಮತ್ರ ಮಾತಾಡೋದೈತೆ."