ಪುಂಜಾಲಕಟ್ಟೆವರೆಗಿನ ಅಲಂಕಾರ

ವಾಕ್ಯದಲ್ಲಿ ‘ಹಾಗೆ’ ಕಂಡ ಕೂಡಲೇ ಉಪಮಾಲಂಕಾರ ಎಂದು ಬರೆಯುವುದು ಹತ್ತನೆಯ ತರಗತಿಯ ಮಕ್ಕಳ ಹಳೆಯ ಚಾಳಿ. ಆದರೆ ವಿಜ್ಞಾನ ಕಲಿಸುವ ಮಾಸ್ಟ್ರೂ ಅದನ್ನೇ ಮಾಡಿದರೆ ತೃಪ್ತಿ ಟೀಚರ್ ತಲೆ ಎಲ್ಲಿ ಚಚ್ಚಿಕೊಳ್ಳಬೇಕು?

"ಸರ್, ‘ನೀವು ಹೇಳಿದ ಹಾಗೆ ಮಾಡ್ತೇನೆ.’ ಇದರಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸಿದ್ದು?"

ಮನ್ವಿತ್ ಹುಬ್ಬು ಮೇಲೇರಿಸಿ ಅವಳ ಮುಖ ನೋಡಿದ. "ನೀವು ಉಪಮೇಯ, ನಾನು ಉಪಮಾನ?"

"ಮಣ್ಣಂಗಟ್ಟಿ!"

ಬಂಟ್ವಾಳದ ಕಡೆಯ ಬಸ್ಸು ಆಗಷ್ಟೇ ಬೆಳ್ತಂಗಡಿ ಬಿಟ್ಟಿತ್ತು. ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆ ಕ್ಲಾಸಿಗೆ ಕನ್ನಡಕ್ಕೆ ಇನ್ನೊಬ್ಬರು ಬೇಕೆಂದು ಹೆಡ್‌ಮಾಸ್ಟ್ರು ಕೇಳಿದಾಗ ಕೈ ಎತ್ತಿದ್ದು ಇವನೇ. ಅಂದಿನಿಂದ ದಿನಾ ಬಸ್ಸಿನಲ್ಲಿ ಅವಳು ಅಲಂಕಾರ ಕಲಿಸುವುದು, ಅವನು ಪುಂಜಾಲಕಟ್ಟೆಯಲ್ಲಿ ಇಳಿಯುವುದು, ಅವಳು ಮುಂದೆ ಬಂಟ್ವಾಳದ ಮನೆಗೆ ಹೋಗುವುದು. ಕಲಿತದ್ದು ಸೊನ್ನೆ. ಆದರೆ ತಪ್ಪು ಉತ್ತರಕ್ಕೆ ಮೊದಲು ಆ ಹುಬ್ಬು ಮೇಲೇರುತ್ತದಲ್ಲ, ಅದೇ ಅವಳಿಗೆ ಕಷ್ಟ. ಬೈಯಲು ತೆರೆದ ಬಾಯಿಗೆ ನಗು ಬರುತ್ತದೆ.

ಈಗ ನಗುವುದಕ್ಕೂ ಪುರುಸೊತ್ತಿಲ್ಲ. ಆದಿತ್ಯವಾರ ಮೂಡುಬಿದಿರೆಯಿಂದ ಹುಡುಗನ ಕಡೆಯವರು ಅವಳನ್ನು ನೋಡಲು ಬರುತ್ತಾರೆ. ಅಪ್ಪ ಹೆಚ್ಚುಕಡಿಮೆ ಒಪ್ಪಿಯೇ ಬಿಟ್ಟಿದ್ದಾರೆ. ಅವಳಿಗೆ ಬೇಕಾದವನೋ ಪಕ್ಕದಲ್ಲೇ ಕೂತು ಬಾಯಿ ಬಿಡುವುದಿಲ್ಲ. ನಿನ್ನೆ ತಾನೇ ನಾಚಿಕೆ ಬಿಟ್ಟು ಸೂಚಿಸಿದ್ದಳು: "ಸರ್, ಆದಿತ್ಯವಾರ ನಮ್ಮ ಮನೆ ಬಾಗಿಲು ಮುಚ್ಚಿ ಹೋಗ್ತದೆ. ಮತ್ತೆ ತಟ್ಟಿ ಪ್ರಯೋಜನ ಇಲ್ಲ."

"ಮರ ಉಬ್ಬಿದ್ದಾ? ಬಿ.ಸಿ.ರೋಡಲ್ಲಿ ನನ್ನ ಗುರ್ತದ ಆಚಾರಿ ಒಬ್ಬರು ಉಂಟು," ಎಂದಿದ್ದ ಪುಣ್ಯಾತ್ಮ.

ಅವಳಿಗೆ ಅಳುವೇ ಬಂದಿತ್ತು.

"ಈಗ ನೀವೇ ಒಂದು ಉದಾಹರಣೆ ಕೊಡಿ," ಎಂದಳು ಸಿಟ್ಟಿನಲ್ಲಿ. "ಅತಿಶಯೋಕ್ತಿಗೆ. ಒಂದಾದ್ರೂ ಸರಿ ಹೇಳಿ ಮಾರಾಯ್ರೆ."

ಮನ್ವಿತ್ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದ: "ಒಬ್ಬ, ಒಬ್ಬಳ ಪಕ್ಕ ಕೂತುಕೊಳ್ಲಿಕ್ಕೋಸ್ಕರ ದಿನಾ ತನ್ನ ಮನೆ ದಾಟಿ ಪುಂಜಾಲಕಟ್ಟೆವರೆಗೆ ಹೋಗಿ, ಇನ್ನೊಂದು ಬಸ್ಸಲ್ಲಿ ಹಿಂದೆ ಬರ್ತಾನೆ."

"ಅಬ್ಬ, ಅಂತೂ ಸರಿ! ಲೋಕದಲ್ಲಿ ಯಾರೂ ಮಾಡದ್ದನ್ನು ಹೇಳಿದ್ರಿ. ಅದೇ ಅತಿಶಯೋಕ್ತಿ."

"ಅಲ್ಲ ಟೀಚರ್. ಇದರಲ್ಲಿ ಅಲಂಕಾರವೇ ಇಲ್ಲ."

ಬಸ್ಸು ಗುರುವಾಯನಕೆರೆ ದಾಟುತ್ತಿತ್ತು. ಅವನು ಕಿಟಕಿಯತ್ತ ಕೈ ತೋರಿಸಿದ. ರಸ್ತೆ ಬದಿಯ ನೀಲಿ ಮನೆಯ ಜಗಲಿಯಲ್ಲಿ ಹೆಂಗಸೊಬ್ಬರು ನಿಂತು ಎಂದಿನಂತೆ ಬಸ್ಸಿಗೆ ಕೈ ಬೀಸುತ್ತಿದ್ದರು. ಬಸ್ಸು ಕಂಡರೆ ಖುಷಿಪಡುವ ಪಾಪದವರು ಯಾರೋ ಎಂದುಕೊಂಡು ತೃಪ್ತಿಯೂ ಎಷ್ಟೋ ಸಲ ತಿರುಗಿ ಕೈ ಬೀಸಿದ್ದಳು.

"ನಮ್ಮ ಅಮ್ಮ, ಪದ್ಮಾಕ್ಷಿ ಅಂತ," ಎಂದ ಮನ್ವಿತ್. "ದಿನಾ ನಿಮ್ಮನ್ನು ನೋಡ್ಲಿಕ್ಕೆ ನಿಲ್ತಾರೆ."

ಅವಳ ಕಿವಿ ಬಿಸಿಯಾಯಿತು. "ಮತ್ತೆ ಇಷ್ಟು ದಿನ ಬಾಯಿಗೆ ಏನು ಬೀಗ ಹಾಕಿದ್ದಾ?"

"ನೀವು ಕನ್ನಡ ಟೀಚರ್. ಸಾದಾ ಹೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತೀರಿ ಅಂತ ಹೆದರಿಕೆ. ಚಂದ ಮಾಡಿ ಹೇಳ್ಲಿಕ್ಕೆ ಕಲಿಯುವ ಅಂತಲೇ ಅವತ್ತು ಕೈ ಎತ್ತಿದ್ದು."

ಕಣ್ಣು ತುಂಬಿತು, ಸಿಟ್ಟೂ ಬಂತು. ಯಾವುದು ಮೊದಲು ಬಂತೆಂದು ಅವಳಿಗೇ ತಿಳಿಯಲಿಲ್ಲ.

"ಆದಿತ್ಯವಾರ ನನ್ನನ್ನು ನೋಡ್ಲಿಕ್ಕೆ ಮೂಡುಬಿದಿರೆಯವರು ಬರ್ತಾರೆ. ನೀವು ಶನಿವಾರವೇ ಅಮ್ಮನನ್ನು ಕರ್ಕೊಂಡು ನಮ್ಮಲ್ಲಿಗೆ ಬನ್ನಿ."

ಮನ್ವಿತ್‌ನ ಹುಬ್ಬು ಮೇಲೇರಿತು. "ಇದು ರೂಪಕವಾ?"

"ಅಯ್ಯೋ ದೇವರೇ! ಬಸ್ಸು ಹತ್ತಿ, ಬಂಟ್ವಾಳದಲ್ಲಿ ಇಳಿದು, ಅಪ್ಪನ ಹತ್ರ ನನ್ನನ್ನು ಕೇಳಿ ಅಂತ!"

ಪುಂಜಾಲಕಟ್ಟೆ ಬಂತು, ಅವನು ಏಳಲಿಲ್ಲ.

"ಸರ್, ಇಳಿಯುದಿಲ್ವಾ?" ಎಂದು ಕಂಡಕ್ಟರ್ ಕೂಗಿದ.

"ಇಲ್ಲ, ಇವತ್ತು ಬಂಟ್ವಾಳಕ್ಕೆ," ಎಂದ ಮನ್ವಿತ್, ಅವಳನ್ನೇ ನೋಡುತ್ತ. "ಬಾಗಿಲು ಎಲ್ಲಿ ಉಂಟು ಅಂತ ನೋಡಿಟ್ಟುಕೊಳ್ತೇನೆ."