ಗಂಟೆ ಕೇಳಿ ಹೊರಬಂದ ಕೊಡಗಳು

ಶಿಲ್ಪಶ್ರೀ ಹಗ್ಗಕ್ಕೆ ಜೋತುಬಿದ್ದಳು. ಕಾಲುಗಳು ನೆಲ ಬಿಟ್ಟವು. ಮೇಲೆ ಗೋಪುರದಲ್ಲಿ ಏನೋ ಕಿರ್ರೆಂದಿತು, ಮೂಗಿನ ಮೇಲೆ ಧೂಳು ಬಿತ್ತು, ಆಮೇಲೆ ಢಣ್ ಢಣ್ ಎಂದು ಗಂಟೆ ಮೊಳಗಿತು. ಚೆನ್ನೈನ ಎಗ್ಮೋರಿನ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು.

"ಸೀನ್ ಹಾಕ್ಬೇಡ, ನಂದೇ ಜೋರಾಗಿತ್ತು," ಎಂದ ಅದೇ ಬೀದಿಯ ಹುಡುಗ ಉದಯ್. ಅವನು ಎಳೆದಾಗ ಗಂಟೆ ಬರೀ ಕೆಮ್ಮಿತ್ತು.

ಅದು ಹಳೆಯ ಫೈರ್ ಸ್ಟೇಷನ್. ಕೆಂಪು ಎಂಜಿನ್ ನಿಲ್ಲುತ್ತಿದ್ದ ಕಡೆ ಈಗ ಕಪಾಟುಗಳು. ಫೈರ್‌ಮನ್‌ಗಳು ಸರ್ರನೆ ಜಾರಿ ಇಳಿಯುತ್ತಿದ್ದ ಕಂಬದ ಸುತ್ತ ಮಕ್ಕಳ ಪುಸ್ತಕಗಳು. ನಾಳೆ ಲೈಬ್ರೆರಿಯ ಓಪನಿಂಗ್. ಗಂಟೆ ಹೊಡೆದು ಬಾಗಿಲು ತೆಗೆಸಲು ಇದೇ ಬೀದಿಯ ಮಗು ಬೇಕು, ಯಾರು ಜೋರಾಗಿ ಹೊಡೆಯುತ್ತಾರೋ ಅವರೇ ಎಂದು ಲೈಬ್ರೆರಿಯನ್ ನೇಹಾ ಮಿಸ್ ಹೇಳಿದ್ದರು. ಶಿಲ್ಪಶ್ರೀ ವಾರವೆಲ್ಲ ಮನೆಯ ಕರ್ಟನ್ ಎಳೆದೆಳೆದು ಪ್ರಾಕ್ಟೀಸ್ ಮಾಡಿದ್ದಳು. ಕೊನೆಗೆ ರಾಡ್ ಸಮೇತ ಕರ್ಟನ್ ಅಪ್ಪನ ತಲೆಯ ಮೇಲೆ ಬಿದ್ದಿತ್ತು.

"ಶಿಲ್ಪಾನೇ ವಿನ್ನರ್," ಎಂದರು ಮಿಸ್. ಅವಳು ಕುಣಿಯುತ್ತ ಬಾಗಿಲಿಗೆ ಓಡಿದಳು, ಬೀದಿಗೆಲ್ಲ ಸಾರಿ ಹೇಳಲು. ಹೊಸ್ತಿಲಲ್ಲೇ ನಿಂತುಬಿಟ್ಟಳು.

ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಒಂದೊಂದರಿಂದಲೂ ಒಂದು ಪ್ಲಾಸ್ಟಿಕ್ ಕೊಡ ಹೊರಬರುತ್ತಿತ್ತು. ಹಸಿರು, ಹಳದಿ, ನೀಲಿ. ಹೊತ್ತವರೆಲ್ಲ ಅಜ್ಜ ಅಜ್ಜಿಯರು. ಎಲ್ಲರಿಗಿಂತ ಮುಂದೆ, ಸೊಂಟದ ಮೇಲೆ ನೀರು ತುಂಬಿದ ಕಿತ್ತಳೆ ಬಣ್ಣದ ಕೊಡ ಇಟ್ಟುಕೊಂಡು, ಅವಳ ಅಜ್ಜಿ ಕಲ್ಯಾಣಮ್ಮ ಓಡಿ ಬರುತ್ತಿದ್ದರು. ಅಜ್ಜಿ ಓಡಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಅದೂ ನೀರಿನ ಲಾರಿ ಸರಿಯಾಗಿ ಬಾರದ ಈ ಮೇ ತಿಂಗಳಲ್ಲಿ, ಮುಖ ತೊಳೆಯಲು ಒಂದು ಚೊಂಬಿನ ಮೇಲೆ ಹನಿ ನೀರು ಕೊಡದ ಅಜ್ಜಿ.

"ಎಲ್ಲೇ ಬೆಂಕಿ? ಯಾರ ಮನೆ?"

"ಬೆಂಕಿ ಇಲ್ಲ ಅಜ್ಜಿ. ಚುಮ್ಮಾ, ಸುಮ್ನೆ ಟೆಸ್ಟಿಂಗ್."

ಅಜ್ಜಿ ಕೊಡ ಇಳಿಸಿದರು. ಸೆರಗಿನಿಂದ ಮುಖ ಒರೆಸಿ ನಕ್ಕುಬಿಟ್ಟರು. ಬೀದಿಯೂ ನಕ್ಕಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಿಂದೆಲ್ಲ ಈ ಬೀದಿಯ ಹಿಂಬದಿಯಲ್ಲಿ ಸಾಲು ಸಾಲು ಗುಡಿಸಲುಗಳಿದ್ದವಂತೆ. ಬೇಸಿಗೆಯಲ್ಲಿ ಒಂದಕ್ಕೆ ಕಿಡಿ ತಾಗಿದರೆ ಸಾಲೇ ಹೊತ್ತಿಕೊಳ್ಳುತ್ತಿತ್ತಂತೆ. ಎಂಜಿನ್‌ನ ನೀರು ಸಾಲದು. ಅದಕ್ಕೇ ಗಂಟೆ ಕೇಳಿದ ಕೂಡಲೇ ಮನೆಗೊಂದು ತುಂಬಿದ ಕೊಡ ಹೊರಗೆ ಬರಬೇಕು. ಯಾರ ಮನೆ ಉರಿಯುತ್ತಿದೆ ಎಂದು ಯಾರೂ ಮೊದಲು ಕೇಳುತ್ತಿರಲಿಲ್ಲ.

"ಕೈ ತಾನಾಗೇ ಕೊಡಕ್ಕೆ ಹೋಯ್ತು ಕಣೇ," ಎಂದರು ಅಜ್ಜಿ.

ಉದಯ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನೇಹಾ ಮಿಸ್‌ಗಂತೂ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಳೆಯೂ ಹೀಗೇ ಆಗಬೇಕು, ಶಿಲ್ಪಾ ಗಂಟೆ ಹೊಡೆಯಬೇಕು, ಎಲ್ಲರೂ ಕೊಡ ಹಿಡಿದು ಓಡಿ ಬರಬೇಕು, ಟಿವಿಯವರಿಗೂ ಹೇಳುತ್ತೇನೆ ಎಂದರು.

ಎಲ್ಲರ ಹಿಂದೆ, ಮೂಲೆಮನೆಯ ಜಾನಕಮ್ಮ ಬಂದರು. ಅವರಿಗೆ ಮಂಡಿ ಮಡಿಸಲು ಆಗುವುದಿಲ್ಲ. ಕೊಡದಲ್ಲಿ ಅರ್ಧ ನೀರಿತ್ತು, ಉಳಿದರ್ಧ ಅವರ ಸೀರೆಯಲ್ಲಿತ್ತು. ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಏದುಸಿರು ಬಿಡುತ್ತಲೇ, ಕತ್ತೆತ್ತಿ ಹೊಗೆ ಹುಡುಕುತ್ತಿದ್ದರು.

ಶಿಲ್ಪಶ್ರೀಯೂ ಆ ಕಡೆಗೇ ನೋಡಿದಳು. ಆಕಾಶದಲ್ಲಿ ಕಾಗೆಗಳು ಮಾತ್ರ ಸುತ್ತುತ್ತಿದ್ದವು.

ನೇಹಾ ಮಿಸ್ ಫೋನ್ ತೆಗೆದು, ಹಗ್ಗದ ತುದಿಯನ್ನು ಅವಳತ್ತ ಚಾಚಿದರು. "ತಗೋ ಶಿಲ್ಪಾ, ಇನ್ನೊಂದ್ಸಲ. ವಿಡಿಯೋ ಮಾಡ್ತೀನಿ."

ಶಿಲ್ಪಶ್ರೀ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ ಮಿಸ್."

"ಸರಿ, ನಾಳೆ ಹೊಡಿ."

"ನಾಳೆನೂ ಹೊಡೆಯಲ್ಲ. ಬೆಂಕಿ ಬಿದ್ರೆ ಮಾತ್ರ ಹೊಡೀತೀನಿ."